ಮುಚ್ಚಳದ ಮೇಲಿನ ‘ಅ’

ನಮ್ಮ ಮನೆಯ ಅಡುಗೆ ಕಟ್ಟೆಯ ಮೇಲೆ ಅಂಗೈ ಅಗಲದ ಒಂದು ಸ್ಟೀಲಿನ ಡಬ್ಬಿ ಇದೆ. ಹೊಟ್ಟೆ ಎರಡು ಕಡೆ ನೆಗ್ಗಿದೆ. ಮುಚ್ಚಳ ಮಾತ್ರ ಇವತ್ತಿಗೂ ಎಷ್ಟು ಬಿಗಿಯೆಂದರೆ, ತೆಗೆಯುವವರು ಹೆಗಲ ಮೇಲಿನ ಟವೆಲ್ಲನ್ನು ಅದರ ಅಂಚಿಗೆ ಒತ್ತಿ ಹಿಡಿದು, ಮುನಿದವರನ್ನು ರಮಿಸುವ ಹಾಗೆ ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ತಿರುಗಿಸಿ ಮನವೊಲಿಸಬೇಕು. ನನ್ನ ಹೆಂಡತಿ ಮದುವೆಯಾಗಿ ಬರುವಾಗ ಅವಳ ಸೋದರಮಾವ ಕೊಟ್ಟ ಪಾತ್ರೆಗಳಲ್ಲಿ ಉಳಿದುಕೊಂಡದ್ದು ಇದೊಂದೇ. ಆಗೆಲ್ಲ ಪಾತ್ರೆ ಉಡುಗೊರೆ ಕೊಡುವವರು ಅಂಗಡಿಯವನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಹೆಸರು ಕೊರೆಸದೆ ಏಳುತ್ತಿರಲಿಲ್ಲ; ಕರಕರ ಸದ್ದಿನ ಆ ಸಣ್ಣ ಯಂತ್ರ ಮಲ್ಲಿಗೆ ಮೊಗ್ಗು ಪೋಣಿಸಿದಂತೆ ಚುಕ್ಕಿಗೆ ಚುಕ್ಕಿ ಕೂಡಿಸಿ ಅಕ್ಷರ ಮಾಡುತ್ತಿತ್ತು. ಹಾಗೆ ಪೋಣಿಸಿದ ‘ಅಮರಮ್ಮ’ ಎಂಬ ಹೆಸರು ಈ ಮುಚ್ಚಳದ ಮೇಲಿತ್ತು. ಇತ್ತು ಎಂದೇಕೆ ಅಂದೆನೆಂದರೆ, ಮೂವತ್ತಾರು ವರ್ಷಗಳ ಬೂದಿ, ಹುಣಸೆಹಣ್ಣು, ತೆಂಗಿನ ನಾರು, ಆಮೇಲೆ ಬಂದ ತಂತಿಯ ಜುಂಗು ಇವೆಲ್ಲ ಸೇರಿ ಮೊದಲನೆಯ ಅಕ್ಷರವನ್ನು ತಿಂದುಹಾಕಿವೆ. ಈಗ ಓದುವವರಿಗೆ ‘ಮರಮ್ಮ’ ಎಂದಷ್ಟೇ ಕಾಣುತ್ತದೆ. ಹೋದ ‘ಅ’ ಬೇಕೆಂದರೆ ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಬೇಕು, ಇಲ್ಲವೆ ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಹುಡುಕಬೇಕು.

ಗುರುಗುಂಟಿ ಅಮರೇಶ್ವರನ ಸೀಮೆ ನಮ್ಮದು. ಇಲ್ಲಿ ಓಣಿಗೊಬ್ಬ ಅಮರೇಶ, ಮನೆಗೊಬ್ಬಳು ಅಮರಮ್ಮ ಇದ್ದೇ ಇರುತ್ತಾರೆ; ಆ ಹೆಸರಿನ ಅರ್ಥವೇನೆಂದು ಯಾರೂ ಬಿಡಿಸಿ ನೋಡಲು ಹೋಗುವುದಿಲ್ಲ. ನಾನೂ ನೋಡಿರಲಿಲ್ಲ. ಅರ್ಥದ ಮಾತು ಹಾಗಿರಲಿ, ಆ ಹೆಸರನ್ನು ನಾನು ಒಂದು ಸಲವಾದರೂ ಬಾಯಿಬಿಟ್ಟು ಅಂದವನಲ್ಲ.

ನಗಬೇಡಿ. ನಾನು ಬಸ್ಸಿನ ಕಂಡಕ್ಟರನಾಗಿದ್ದವನು. ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಬಾಗಿಲಿಗೆ ಜೋತುಬಿದ್ದು ‘ಗೊರೇಬಾಳ, ಬಳಗಾನೂರು, ಮಸ್ಕಿ, ಲಿಂಗಸುಗೂರು’ ಎಂದು ನಾನು ಒದರಿದರೆ, ಕಾಲುವೆಯ ಆಚೆ ನಾಟಿ ಮಾಡುವ ಹೆಂಗಸರು ನಡು ನೆಟ್ಟಗೆ ಮಾಡಿಕೊಂಡು ಇವತ್ತಿನ ಬಸ್ಸು ಬಂತು ಎನ್ನುತ್ತಿದ್ದರಂತೆ. ಊರ ಹೆಸರುಗಳನ್ನೆಲ್ಲ ಬಾಯಿತುಂಬ ಕೂಗಿ ಹೊಟ್ಟೆ ಹೊರೆದವನಿಗೆ ಮನೆಯೊಳಗಿನ ಒಂದು ಹೆಸರು ಮಾತ್ರ ನಾಲಿಗೆಗೆ ಬರಲಿಲ್ಲ. ನಮ್ಮ ಹಿರಿಯರ ಮನೆಗಳಲ್ಲಿ ಗಂಡ ಹೆಂಡತಿಯ ಹೆಸರು ಹಿಡಿಯುತ್ತಿರಲಿಲ್ಲ, ಹೆಂಡತಿ ಗಂಡನ ಹೆಸರು ಹಿಡಿಯುವ ಮಾತಂತೂ ಇಲ್ಲವೇ ಇಲ್ಲ. ಆಕೆಗೆ ನಾನು ‘ಏನ್ರೀ’, ನನಗೆ ಆಕೆ ‘ಏ, ಕೇಳಿಲ್ಲಿ’. ಸಿಟ್ಟು, ಹಸಿವು, ಸಂಕೋಚ, ಪ್ರೀತಿ ಎಲ್ಲವನ್ನೂ ಆ ಒಂದು ‘ಕೇಳಿಲ್ಲಿ’ಯ ಏರಿಳಿತದಲ್ಲಿ ಮುಗಿಸುತ್ತಿದ್ದೆ. ಒಮ್ಮೆ ಬಳಗಾನೂರಿನಲ್ಲಿ ಆಕೆ ನನ್ನ ಬಸ್ಸನ್ನೇ ಹತ್ತಿದ್ದಳು. ಎಲ್ಲರೆದುರು ಏನು ಮಾತಾಡಬೇಕೆಂದು ತಿಳಿಯದೆ ಬೇರೆಯವರಿಗೆ ಕೇಳಿದ ಹಾಗೆಯೇ ‘ಎಲ್ಲಿಗೆ?’ ಎಂದು ಗಡುಸಾಗಿ ಕೇಳಿದೆ. ಪಕ್ಕದ ಮುದುಕಿಗೆ ಮರುಕ ಬಂದು, ಈ ಕಂಡಕ್ಟರ್ ಭಾಳ ಬಿರುಸದಾನ ನೋಡವಾ ಎಂದಳು. ನನ್ನವಳು ಸೆರಗು ಬಾಯಿಗಿಟ್ಟುಕೊಂಡು, “ಮನ್ಯಾಗೂ ಹಂಗ ಇರಬೇಕು ಬಿಡವಾ, ಹೇಣ್ತಿ ಪಾಪ ಹೆಂಗ ಬಾಳೇ ಮಾಡ್ತಾಳೊ” ಎಂದಳು. ಮಸ್ಕಿ ಬರುವ ತನಕ ನಾನು ಆ ಸೀಟಿನ ಕಡೆ ತಿರುಗಿ ನೋಡಲಿಲ್ಲ.

ಈ ನಗೆಮಾತನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳದೆ ಉಳಿಸಿಕೊಂಡದ್ದು ಇನ್ನೊಂದಿದೆ. ಮೂರು ವರ್ಷದ ಹಿಂದೆ ಆಕೆ ದವಾಖಾನೆಯಲ್ಲಿ ಕಣ್ಣು ಮುಚ್ಚಿ ಮಲಗಿದ ಎರಡನೆಯ ದಿನ, ನರ್ಸಮ್ಮ ನನ್ನನ್ನು ಒಳಗೆ ಕರೆದು ತಲೆದೆಸೆಗೆ ನಿಲ್ಲಿಸಿದಳು. “ಹೆಸರು ಹಿಡದು ಕರೀರಿ ತಾತಾ. ಕಿವಿ ಕೇಳಸ್ತಿರ್ತಾವ. ಪರಿಚಯದ ಧ್ವನಿಗೆ ಒಮ್ಮೊಮ್ಮೆ ಕಣ್ಣು ಬಿಡ್ತಾರ” ಎಂದಳು. ನಾನು ಬಾಗಿ, “ಏ, ಕೇಳಿಲ್ಲಿ” ಎಂದೆ. ಇನ್ನೊಮ್ಮೆ ಅಂದೆ. ಹಂಗಲ್ಲ, ಹೆಸರು, ಹೆಸರು ಎಂದಳು ಆ ಹುಡುಗಿ. ನಾಲಿಗೆ ಅಂಗುಳಕ್ಕೆ ಹತ್ತಿಕೊಂಡು ಏಳಲೇ ಇಲ್ಲ. ನನಗೆ ಕಿವಿ ಮಂದವೆಂದುಕೊಂಡಳೋ ಏನೋ, ಕೊನೆಗೆ ತಾನೇ ಕಾಗದ ನೋಡಿ, ಅಮರಮ್ಮ, ಅಮರಮ್ಮ, ನಿಮ್ಮ ಯಜಮಾನ್ರು ಬಂದಾರ ನೋಡ್ರಿ ಎಂದು ಕರೆದಳು. ರೆಪ್ಪೆ ಒಂದಿಷ್ಟು ನಡುಗಿತು; ಅಥವಾ ನನಗೆ ಹಾಗೆ ಕಂಡಿತು. ಮುಂದೆ ನಡುಗಲಿಲ್ಲ. ಬೇರೆಯವರ ಬಾಯಿಂದ ಬಂದ ತನ್ನ ಹೆಸರಿಗೆ ಆಕೆ ಅಷ್ಟಾದರೂ ಓಗೊಟ್ಟಳು. ನನ್ನ ಬಾಯಿಂದ ಬಂದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ಯಾರ ಮುಂದೆ ಇಡುವುದು ಹೇಳಿ.

ಮರುವರ್ಷ ಮಗ ಶರಣುವಿಗೆ ಹೆಣ್ಣು ಮಗುವಾಯಿತು. ತಾಯಿಯ ಹೆಸರೇ ಇಡಬೇಕೆಂದು ಹಟ ಹಿಡಿದವನು ಅವನೇ. ಸಿಂಧನೂರಿನಲ್ಲಿರುವ ನನ್ನ ಮಗಳು ನೀಲಾ, ಸೋದರತ್ತೆಯ ಹಕ್ಕಿನಿಂದ, ತೊಟ್ಟಿಲಿಗೆ ಬಾಗಿ ಮಗುವಿನ ಕಿವಿಯಲ್ಲಿ ಹೆಸರು ಊದಿದಳು. ಹೆಂಗಸರೆಲ್ಲ ಪದ್ಧತಿಯಂತೆ ಅವಳ ಬೆನ್ನಿಗೆ ದಬದಬ ಗುದ್ದಿದರು. ಗುದ್ದಿದ ರಭಸಕ್ಕೆ ಹೆಸರು ಒಳಗೇ ಸಿಕ್ಕಿಕೊಂಡಿತೋ ಏನೋ, ಅಂದಿನಿಂದ ಯಾರೂ ಅದನ್ನು ಹೊರಗೆ ತೆಗೆಯಲಿಲ್ಲ. ಸೊಸೆ ಸುಜಾತಾ ಅತ್ತೆಯ ಹೆಸರು ಹಿಡಿದು ಕರೆಯುವುದು ಹೇಗೆ? ಮಗ ಹೆತ್ತವ್ವನ ಹೆಸರು ಹಿಡಿದು ‘ಬಾರಲೇ’ ಎನ್ನುವುದು ಹೇಗೆ? ನನ್ನ ಕಥೆ ನಿಮಗೆ ಗೊತ್ತೇ ಇದೆ. ಸುಜಾತಾ ‘ಬಂಗಾರಿ’ ಎಂದಳು, ಶರಣು ‘ಅವ್ವಿ’ ಎಂದ, ನಾನು ‘ಯವ್ವಾ’ ಎಂದೆ. ದೂರ ಹೋಗುವ ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಎಸೆದು ಜಾಗ ಹಿಡಿಯುತ್ತಾರಲ್ಲ, ಹಾಗೆ ನಾವು ಆ ಹೆಸರಿನ ಮೇಲೆ ಒಂದು ಟವೆಲ್ ಹಾಕಿ ಇಟ್ಟಿದ್ದೆವು. ಇಳಿದು ಹೋದವಳಿಗಾಗಿ ಜಾಗ ಖಾಲಿ ಇತ್ತು. ಮಗು ಪಕ್ಕದಲ್ಲಿ ನಿಂತೇ ಪ್ರಯಾಣ ಮಾಡುತ್ತಿತ್ತು.

ಈ ಸಲ ಗಣರಾಜ್ಯ ದಿನ ಸೋಮವಾರಕ್ಕೆ ಬಿದ್ದು ಮೂರು ದಿನದ ರಜೆ ಒಟ್ಟಿಗೆ ಸಿಕ್ಕಿತು. ಲಿಂಗಸುಗೂರಿನ ಕಚೇರಿಯಲ್ಲಿ ಗುಮಾಸ್ತನಾಗಿರುವ ಶರಣುವಿಗೆ ಇಂಥ ರಜೆ ಅಪರೂಪ. ಶನಿವಾರ ಸಿಂಧನೂರಿಗೆ ಹೋಗಿ ನೀಲಾಳ ಮನೆಯಲ್ಲಿ ಉಳಿಯುವುದು, ರವಿವಾರ ತಿರುಗಿ ಬರುವಾಗ ಮಸ್ಕಿಯಲ್ಲಿ ಇಳಿದು ಗುಡ್ಡದ ಮಲ್ಲಯ್ಯನಿಗೆ ಕಾಯಿ ಒಡೆಸುವುದು, ಸೋಮವಾರ ಮನೆಯಲ್ಲಿ ಕಾಲು ಚಾಚಿ ಮಲಗುವುದು ಎಂದು ಗೊತ್ತುಮಾಡಿದ. ಬಾಡಿಗೆ ಕಾರು ತರುತ್ತೇನೆ ಎಂದವನಿಗೆ ನಾನು ಬಸ್ಸೇ ಇರಲಿ ಎಂದೆ. ಸುಜಾತಾ ಮಗುವಿನ ಊಟಕ್ಕೆಂದು ಮೊಸರನ್ನ ಕಲಸಿ ಆ ಡಬ್ಬಿಯಲ್ಲಿ ತುಂಬಿದಳು. ಬೇರೆ ಡಬ್ಬಿಗಳೂ ಇದ್ದವು. ಆದರೆ ಮಗುವಿಗೆ ಅದೇ ಬೇಕು. ತೆಗೆದ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು ಸಿಕ್ಕಿದ್ದಕ್ಕೆಲ್ಲ ಬಡಿಯುವ ಸುಖವಿಲ್ಲದೆ ಅದು ತುತ್ತು ನುಂಗುವುದಿಲ್ಲ.

ಶನಿವಾರದ ದಿನ ಚೆನ್ನಾಗಿಯೇ ಹೋಯಿತು. ಗೊರೇಬಾಳದ ಹತ್ತಿರ ಕಾಲುವೆಯ ದಂಡೆಗೆ ಮಗುವನ್ನು ಕರೆದೊಯ್ದೆವು. ಮಾಗಿಯ ಬಿಸಿಲು, ಎರಡನೆಯ ಬೆಳೆಗೆ ನೀರು ನಿಂತ ಗದ್ದೆಗಳು, ಗದ್ದೆಯ ತುಂಬ ಆಕಾಶ. ಮಗು ನೀರಿನೊಳಗಿನ ಮೋಡ ನೋಡಿ ‘ಹಾಲು’ ಎಂದಿತು. ಕೊಕ್ಕರೆಗೆ ‘ಬಾ’ ಎಂದಿತು. ಅದು ಹಾರಿಹೋದದ್ದಕ್ಕೆ ಬೇಸರಿಸದೆ ಹಾರಿದ ದಿಕ್ಕಿಗೆ ಇನ್ನೊಮ್ಮೆ ‘ಬಾ’ ಎಂದಿತು. ಎರಡು ವರ್ಷದ ಜೀವಕ್ಕೆ ಜಗತ್ತೆಲ್ಲ ಹೊಸದು, ಕರೆದರೆ ಎಲ್ಲವೂ ಬರುತ್ತದೆ ಎಂಬ ನಂಬಿಕೆ ಬೇರೆ. ನನ್ನವಳು ಇದ್ದಿದ್ದರೆ ಈ ದಂಡೆಯ ಮೇಲೆ ಸೆರಗು ಹಾಸಿ ಕೂತು, ನಾಟಿಗೆ ಬಂದ ಹೆಂಗಸರನ್ನೆಲ್ಲ ಮಾತಾಡಿಸಿ, ಅವರ ಬುತ್ತಿಯ ಚಟ್ನಿಯ ರುಚಿ ನೋಡದೆ ಏಳುತ್ತಿರಲಿಲ್ಲ. ಎಲ್ಲರೂ ನಗುವಾಗ ನಾನೂ ನಕ್ಕೆ. ರಜೆಯ ಸುಖದಲ್ಲಿ ಒಂದು ವಿಚಿತ್ರ ಇದೆ: ಇರುವವರೆಲ್ಲ ಒಂದೆಡೆ ಕೂಡಿದಾಗಲೇ ಇಲ್ಲದವರ ಲೆಕ್ಕ ಸರಿಯಾಗಿ ಸಿಗುತ್ತದೆ. ಬಸ್ಸು ತುಂಬಿದಾಗ ಎದ್ದು ಕಾಣುವುದು ಒಂದೇ ಒಂದು ಖಾಲಿ ಸೀಟು.

ರವಿವಾರ ಮಸ್ಕಿಯಲ್ಲಿ ಇಳಿದಾಗ ಬಿಸಿಲು ಏರಿತ್ತು. ರಜೆಯ ಜನ ಎಲ್ಲೆಲ್ಲಿಂದಲೋ ಬಂದು ಸೇರಿದ್ದರು. ಮೊದಲು ಶಾಸನದ ಬಂಡೆ ನೋಡೋಣವೆಂದು ಎಲ್ಲರನ್ನೂ ಆ ಕಡೆ ಎಳೆದೊಯ್ದವನು ನಾನೇ. ಶಾಲೆಯ ಪುಸ್ತಕ ಓದಿದವರಿಗೆಲ್ಲ ಅದು ಗೊತ್ತು. ಬೇರೆ ಕಡೆಯ ಹೆಚ್ಚಿನ ಬಂಡೆಗಳ ಮೇಲೆ ತನ್ನನ್ನು ‘ದೇವರುಗಳಿಗೆ ಪ್ರಿಯನಾದವನು’ ಎಂದು ಬಿರುದಿನಿಂದಷ್ಟೇ ಕರೆದುಕೊಂಡ ದೊರೆಯ ಸ್ವಂತ ಹೆಸರು ಮೊದಲಿಗೆ ಓದಲು ಸಿಕ್ಕಿದ್ದು ಈ ಬಂಡೆಯ ಮೇಲೆ. ಕಂಡಕ್ಟರಿಕೆ ಮಾಡುವಾಗ ನಾನು ದಿನಕ್ಕೆ ನಾಲ್ಕು ಸಲ ಈ ಊರಿನ ಹೆಸರು ಕೂಗುತ್ತಿದ್ದೆ. ಆದರೆ ಒಂದು ಸಲವೂ ಇಳಿದು ಬಂದು ಈ ಹೆಸರು ನೋಡಿರಲಿಲ್ಲ. ಮಗುವಿಗೆ ಹಸಿವಾಗಿತ್ತು. ಸುಜಾತಾ ಕಾಯಿ ಕೊಳ್ಳಲು ಹೋದಳು, ಶರಣು ನೀರಿನ ಬಾಟಲಿಗೆ ಹೋದ. ನಾನು ನೆರಳಿನ ಒಂದು ಕಲ್ಲಿನ ಮೇಲೆ ಮಗುವನ್ನು ಕೂರಿಸಿ, ಬೆಳಿಗ್ಗೆ ನೀಲಾ ಡಬ್ಬಿಗೆ ಹೊಸದಾಗಿ ತುಂಬಿಕೊಟ್ಟ ಮೊಸರನ್ನದ ನಾಲ್ಕು ತುತ್ತು ತಿನ್ನಿಸಿದೆ. ಆಮೇಲೆ ಎರಡು ಹೆಜ್ಜೆ ಮುಂದೆ ಹೋಗಿ ಕನ್ನಡಕ ಹಾಕಿಕೊಂಡು, ಬಂಡೆಯ ಪಕ್ಕದ ಫಲಕ ಓದತೊಡಗಿದೆ.

ಎರಡೇ ಹೆಜ್ಜೆ. ಆದರೆ ಓದುತ್ತ ಓದುತ್ತ ನಾನು ಎಷ್ಟು ದೂರ ಹೋಗಿಬಿಟ್ಟೆನೋ. ಅಶೋಕ. ಶೋಕವಿಲ್ಲದವನು. ನಮ್ಮ ಡಬ್ಬಿಯ ಮೇಲಿನ ಹೆಸರೂ ಹೀಗೇ ಅಲ್ಲವೆ, ಅಮರ, ಸಾವಿಲ್ಲದವಳು ಎಂದು ಆ ಬಿಸಿಲಿನಲ್ಲಿ ನನಗೆ ಮೊದಲ ಸಲ ಹೊಳೆಯಿತು. ಎರಡು ಹೆಸರಿನಲ್ಲೂ ಭಾರ ಹೊತ್ತು ನಿಂತದ್ದು ಆ ಮೊದಲ ಸಣ್ಣ ‘ಅ’. ಅದು ಅಳಿದರೆ ಇವನ ಹೆಸರಿನಲ್ಲಿ ಉಳಿಯುವುದು ಶೋಕ. ಆಕೆಯದರಲ್ಲಿ ಉಳಿದದ್ದೇನೆಂದು ನಾನು ದಿನಾ ಮುಚ್ಚಳದ ಮೇಲೆ ನೋಡುತ್ತಲೇ ಇದ್ದೆನಲ್ಲ. ಕಲ್ಲಿನ ಮೇಲೆ ಬರೆಸಿದ ದೊರೆಯ ‘ಅ’ವನ್ನು ಬೂದಿ ಹುಣಸೆಹಣ್ಣು ಹಾಕಿ ತಿಕ್ಕುವವರು ಯಾರೂ ಇರಲಿಲ್ಲ, ತನ್ನ ‘ಅ’ವನ್ನು ನನ್ನವಳು ತಾನೇ, ತನ್ನ ಕೈಯಾರೆ, ನಮ್ಮೆಲ್ಲರ ಎಂಜಲು ತಿಕ್ಕುತ್ತ ತಿಕ್ಕುತ್ತ ಅಳಿಸಿಕೊಂಡಳು.

ಹೀಗೆಂದುಕೊಂಡು ತಿರುಗಿ ನೋಡಿದರೆ ಕಲ್ಲಿನ ಮೇಲೆ ಡಬ್ಬಿ ಇತ್ತು. ಮುಚ್ಚಳ ಇರಲಿಲ್ಲ. ಮಗುವೂ ಇರಲಿಲ್ಲ.

ಮೊದಲು ಬಂಡೆಯ ಹಿಂದೆ ನೋಡಿದೆ. ಸುಜಾತಾ ಕರೆದೊಯ್ದಿರಬೇಕೆಂದು ಕಾಯಿ ಅಂಗಡಿಗೆ ಓಡಿದೆ. ಅವಳು ಒಬ್ಬಳೇ ಬರುತ್ತಿದ್ದಳು. ಶರಣು ಎರಡು ಬಾಟಲಿ ಹಿಡಿದು ಬಂದ. ಮೂವರೂ ಒಬ್ಬರ ಕೈ ಒಬ್ಬರು ನೋಡಿದೆವು. ಆ ಕಡೆ ಗುಡ್ಡ, ಈ ಕಡೆ ಬಸ್ಸು ಲಾರಿಗಳು ಹಾಯುವ ರಸ್ತೆ, ನಡುವೆ ಜಾತ್ರೆಯ ಹಾಗೆ ಜನ. ಶರಣು ‘ಅವ್ವೀ’ ಎಂದು ಕೂಗಿದ. ಗದ್ದಲದಲ್ಲಿ ನಾಲ್ಕು ಮಂದಿ ಹೆಂಗಸರು ಹೊರಳಿ ನೋಡಿದರು. ಸುಜಾತಾ ‘ಬಂಗಾರಿ’ ಎಂದಳು. ಇನ್ನಾರದೋ ಬಂಗಾರಿ ತನ್ನ ತಾಯಿಯ ಸೊಂಟದ ಮೇಲಿಂದ ಇಣುಕಿತು. ನಾನು, ನನ್ನ ದರಿದ್ರ ನಾಲಿಗೆಯ ರೂಢಿಯಂತೆ, ‘ಏ, ಕೇಳಿಲ್ಲಿ’ ಎಂದೆ. ಯಾರೂ ಕೇಳಲಿಲ್ಲ.

ಸೀಟಿ ಊದುತ್ತ ಗದ್ದಲ ನೋಡಿಕೊಳ್ಳುತ್ತಿದ್ದವನೊಬ್ಬ ಬಂದು ವಿಚಾರಿಸಿದ. ಎಷ್ಟು ವಯಸ್ಸು ಎಂದ, ಹೇಳಿದೆವು. ಎಂಥ ಬಟ್ಟೆ ಎಂದ, ಹಳದಿ ಫ್ರಾಕು ಎಂದೆವು.

“ಹೆಸರೇನ್ರೀ ಹುಡುಗೀದು?”

ಈಗ ನೆನೆದರೂ ನಾಚಿಕೆ. ಮಗು ಕಳೆದುಹೋಗಿದೆ, ಹೆಸರು ಕೇಳುತ್ತಿದ್ದಾರೆ, ಮೂರು ಬಾಯಿಗಳು ಒಂದನ್ನೊಂದು ನೋಡುತ್ತ ನಿಂತಿವೆ. ಸುಜಾತಾ ಗಂಡನ ಕಡೆ ನೋಡಿದಳು. ಶರಣು, “ನಮ್ಮವ್ವನ ಹೆಸರು ರೀ” ಎಂದ.

“ನಿಮ್ಮವ್ವನ ಹೆಸರು ನನಗೇನ ಗೊತ್ತೋ ಮಾರಾಯ” ಎಂದ ಅವನು.

ಆಗ ನನ್ನೊಳಗೆ ಏನು ಹರಿಯಿತೋ ತಿಳಿಯದು. ಬಸ್ ನಿಲ್ದಾಣದಲ್ಲಿ ಬಿಟ್ಟು ಬಂದ ಆ ಹಳೆಯ ಧ್ವನಿ ಹೊಕ್ಕುಳಿನಿಂದ ಎದ್ದು ಬಂತು. ‘ಅಮರಮ್ಮಾ’ ಎಂದೆ. ಮತ್ತೆ ‘ಅಮರಮ್ಮಾ’ ಎಂದೆ. ಗುಡ್ಡಕ್ಕೆ ಬಡಿದು ಹೆಸರು ತಿರುಗಿ ಬಂತು. ಶರಣು ಬೆಚ್ಚಿ ನನ್ನ ಮುಖ ನೋಡಿದ. ಮಗ ಒಂದು ಕಡೆ ಓಡಿದ, ಸೊಸೆ ಇನ್ನೊಂದು ಕಡೆ. ನಾನು ರಸ್ತೆಯ ಕಡೆ ಕೂಗುತ್ತ ನಡೆದೆ. ಕೂಗುತ್ತ ಕೂಗುತ್ತ ಯಾರನ್ನು ಕೂಗುತ್ತಿದ್ದೇನೆಂಬುದು ಮಸುಕಾಗಿ, ದವಾಖಾನೆಯ ಆ ಮಂಚದ ತಲೆದೆಸೆಯಲ್ಲಿ ನಿಂತು ಅಂದು ಹುಟ್ಟದೆ ಉಳಿದ ಕೂಗನ್ನೆಲ್ಲ ಈಗ ಒಟ್ಟಿಗೆ ಹೊರಹಾಕುತ್ತಿದ್ದೇನೆ ಅನ್ನಿಸಿತು. ಒಂದು ಮಾತು ಚೆನ್ನಾಗಿ ತಿಳಿದಿತ್ತು, ಅದೇ ಎದೆ ಒಡೆಯುವ ಮಾತು: ಮಗು ಎದುರಿಗೇ ನಿಂತಿದ್ದರೂ ಈ ಕೂಗಿಗೆ ಹೊರಳಿ ನೋಡುವುದಿಲ್ಲ. ಅದು ತನ್ನ ಹೆಸರೆಂದು ಅದಕ್ಕೆ ನಾವು ಯಾರೂ ಹೇಳಿಲ್ಲ. ಆಕೆಗೆ ಆ ಹೆಸರು ಗೊತ್ತಿತ್ತು, ನಾನು ಕರೆಯಲಿಲ್ಲ. ಇವಳನ್ನು ಕರೆಯುತ್ತಿದ್ದೇನೆ, ಇವಳಿಗೆ ಗೊತ್ತಿಲ್ಲ.

ಹೂ ಕಾಯಿ ಮಾರುವವರ ಸಾಲಿನಲ್ಲಿ ಒಬ್ಬ ಹೆಂಗಸು ‘ಮರೆಮ್ಮನ ಕಡ್ಯಾರು ಯಾರ್ರೀ, ಮರೆಮ್ಮನ ಕಡ್ಯಾರು’ ಎಂದು ಕೂಗುತ್ತಿದ್ದಳು. ಪಾಪ, ಇನ್ನಾರದೋ ಮನೆಯವರೂ ತಪ್ಪಿಸಿಕೊಂಡಿದ್ದಾರೆ ಅಂದುಕೊಂಡು ಅವಳ ಮುಂದೆಯೇ ದಾಟಿಹೋದೆ. ರಸ್ತೆಗೆ ಹೋಗಿ ಎರಡೂ ಕಡೆ ನೋಡಿದೆ. ಒಂದು ಲಾರಿ ಗಕ್ಕನೆ ನಿಂತಾಗ ಅದರ ಗಾಲಿಯ ಕಡೆ ಓಡಿದೆ. ಅದು ಎಮ್ಮೆಗಾಗಿ ನಿಂತಿತ್ತು. ತಿರುಗಿ ಬರುವಾಗ ಅದೇ ಹೆಂಗಸಿನ ಹತ್ತಿರ ಟಣ್, ಟಣ್ ಎಂದು ಸದ್ದು ಕೇಳಿತು. ತಾಳವಿಲ್ಲದ ಆ ಬಡಿತ ನನಗೆ ಗೊತ್ತು. ಅವಳ ತೊಡೆಯ ಮೇಲೆ ನಮ್ಮ ಮಗು ಕೂತಿತ್ತು. ಬಾಯಿತುಂಬ ಬತ್ತಾಸು, ಕೈಯಲ್ಲಿ ಮುಚ್ಚಳ. ಮುಂದಿಟ್ಟ ತೆಂಗಿನಕಾಯಿಯ ತಲೆಗೆ ಬಡಿಯುತ್ತಿತ್ತು. ನನ್ನನ್ನು ನೋಡಿ, “ತಾತ” ಎಂದು, ಮತ್ತೆ ತನ್ನ ಕೆಲಸಕ್ಕೆ ಹತ್ತಿತು.

“ಎಂಥಾ ತಾತಪ್ಪ ನೀ?” ಎಂದಳು ಆ ಹೆಂಗಸು. “ಮರೆಮ್ಮ ಮರೆಮ್ಮ ಅಂತ ಗಂಟ್ಲಾ ಹರಕೊಂಡೆ. ನನ್ನ ಮುಂದ ಒದರಿಕೋತ ಹಾದು ಹೋದಿ. ಹೆಸರು ಕೇಳಿದ್ರ ಕೂಸು ಅವ್ವಿ, ಅವ್ವಿ ಅಂತೈತಿ. ಅವ್ವನ್ನ ಕೇಳ್ತದ ಅಂತ ನಾ ಸಮಾಧಾನ ಮಾಡಾಕತ್ತೀನಿ.”

ನಾನು ಮಗುವನ್ನು ಎತ್ತಿ ಎದೆಗೆ ಒತ್ತಿಕೊಂಡು, ಇದರ ಹೆಸರು ಅಮರಮ್ಮ ಎಂದೆ.

ಅವಳು ಮುಚ್ಚಳ ಇಸಿದುಕೊಂಡು, ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ ಓದಿದಳು. ಮರಮ್ಮ ಎಂದರೆ ಮರೆಮ್ಮನೇ ಇರಬೇಕು, ಕೊರೆದವನು ತಪ್ಪು ಮಾಡಿದ್ದಾನೆ ಎಂದು ತಾನು ತಿದ್ದಿ ಓದಿದ್ದನ್ನು ವಿವರಿಸಿದಳು. ಆಮೇಲೆ ನನ್ನನ್ನು ನೋಡಿ ಕೇಳಿದಳು:

“ಅಮರಮ್ಮ ಅಂತೀಯಲ್ಲಪ್ಪ. ‘ಅ’ ಎಲ್ಲೈತಿ ಇದರಾಗ?”

ಅಳಿಸಿ ಹೋಗಿದೆ ತಾಯಿ ಎಂದೆ. ಹೇಳುತ್ತಿದ್ದಂತೆ ಅಲ್ಲೇ ಕಾಯಿಗಳ ನಡುವೆ ಕೂತುಬಿಟ್ಟೆ. ಸುಜಾತಾ, ಶರಣು ಓಡಿ ಬರುವ ಹೊತ್ತಿಗೆ ಆ ಪುಣ್ಯಾತಗಿತ್ತಿ ನನಗೂ ಒಂದು ಬತ್ತಾಸು ಕೊಟ್ಟು ನೀರು ಕುಡಿಸಿದ್ದಳು. ಗುಡ್ಡ ಹತ್ತುವ ಚೈತನ್ಯ ಯಾರಿಗೂ ಉಳಿಯಲಿಲ್ಲ. ಕೊಂಡ ಕಾಯಿಯನ್ನು ಕೆಳಗಿನಿಂದಲೇ ಮಲ್ಲಯ್ಯನಿಗೆ ತೋರಿಸಿ ಬಸ್ಸು ಹತ್ತಿದೆವು.

ಲಿಂಗಸುಗೂರಿನ ಬಸ್ಸಿನಲ್ಲಿ ಸುಜಾತಾ ಕಿಟಕಿಯ ಪಕ್ಕ ಕೂತಳು. ನನ್ನನ್ನು ಒಂದು ಮಾತು ಅಂದಿದ್ದರೆ ಹಗುರಾಗುತ್ತಿತ್ತು, ಅನ್ನಲಿಲ್ಲ. ಮಗು ಅವಳ ತೊಡೆಯ ಮೇಲೆ ಮಲಗಿತ್ತು. ನಮ್ಮ ನಿಲ್ದಾಣ ಹತ್ತಿರವಾದಾಗ ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು:

“ಮಾವಾರ, ತಪ್ಪು ತಿಳೀಬ್ಯಾಡ್ರಿ. ನಾಳಿಂದ ನಾ ಕೂಸಿನ್ನ ಹೆಸರು ಹಿಡದ ಕರೀತೀನಿ. ಅತ್ತಿಯಾರ ಹೆಸರು ನಾ ಹಿಡೀಬಾರದು, ಖರೆ. ಆದ್ರ ಇಕಿ ಹೆಸರು ಯಾರರ ಹಿಡೀಬೇಕಲ್ಲ?”

ನಾನು ಹೂಂ ಎಂದೆ. ಅವಳು ಕೇಳಿದ್ದು ನ್ಯಾಯವಾಗಿತ್ತು. ಸೀಟಿನ ಮೇಲಿನ ಟವೆಲ್ ತೆಗೆಯಿರಿ, ಮಗು ನಿಂತು ನಿಂತು ಬಿದ್ದುಬಿಟ್ಟಿತು ಎಂದು ಅವಳು ಹೇಳುತ್ತಿದ್ದಳು. ಮೂವತ್ತು ವರ್ಷ ನಾನೂ ಅದನ್ನೇ ಹೇಳಿದವನಲ್ಲವೆ? ಟವೆಲ್ಲಿಗೆ ಸೀಟಿಲ್ಲ, ಇದ್ದವರಿಗೆ ಸೀಟು ಎಂದು ಎಷ್ಟು ಜಗಳ ಬಿಡಿಸಿದ್ದೇನೆ.

ಸೋಮವಾರ ಶರಣು ಧ್ವಜಾರೋಹಣಕ್ಕೆ ಕಚೇರಿಗೆ ಹೋಗಿ ಮಗುವಿಗೊಂದು ಕಾಗದದ ಬಾವುಟ ತಂದ. ಸುಜಾತಾ ಆಗಲೇ ತನ್ನ ಪಾಠ ಶುರು ಮಾಡಿದ್ದಳು. ಮೊದಲ ಸಲ ಆ ಹೆಸರು ಅವಳ ಬಾಯಿಂದ ಬಂದಾಗ ರೂಢಿಯ ಗೌರವವೂ ಅದರ ಬೆನ್ನಿಗೆ ಬಂದುಬಿಟ್ಟಿತು. “ಅಮರಮ್ಮಾರ, ಬಾಯಿ ತೆಗೀರಿ” ಎಂದಳು ಎರಡು ವರ್ಷದ ಕೂಸಿಗೆ. ಅಂದು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ‘ಆರ’ ಬಿದ್ದುಹೋಯಿತು, ‘ರೀ’ ಬಿದ್ದುಹೋಯಿತು, ‘ಅಮ್ಮ’ ಕೂಡ ಉದುರಿ ಬರಿಯ ‘ಅಮರಾ’ ಉಳಿಯಿತು. ಅಮರಾ ಬಾ ಇಲ್ಲಿ. ಅಮರಾ ಮಣ್ಣು ತಿನಬ್ಯಾಡ ಬೇ. ಅಮರಾ ಎಲ್ಲದಾಳ? ಮಗು ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು ‘ಇಲ್ಲಿ’ ಎಂದು ತೋರಿಸುವುದನ್ನು ಕಲಿಯಿತು.

ನಾನು ಪಡಸಾಲೆಯಲ್ಲಿ ಕೂತು ಕೇಳುತ್ತಿದ್ದೆ. ಪ್ರತಿ ಸಲ ಆ ಹೆಸರು ಕೇಳಿದಾಗ ತಲೆ ತಾನಾಗಿ ಬಾಗಿಲ ಕಡೆ ಏಳುತ್ತಿತ್ತು. ಬೆಳಿಗ್ಗೆ ಹಾಗೆ ತಲೆ ಎತ್ತಿದಾಗ ಹೊಸ್ತಿಲಲ್ಲಿ ಕಂಡದ್ದು ಆಕೆ. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಏನ್ರೀ ಎನ್ನುವ ಮುಖ. ಮಧ್ಯಾಹ್ನದ ಮೇಲೆ ಅರ್ಧ ಆಕೆ, ಅರ್ಧ ಮಗು. ಹೊತ್ತು ಇಳಿಯುವಾಗ ಹೆಸರು ಕಿವಿಗೆ ಬಿದ್ದರೆ ಕಣ್ಣು ಬಾಗಿಲಿನ ಎತ್ತರದಲ್ಲಿ ಹುಡುಕದೆ ಸೀದಾ ನೆಲದ ಮಟ್ಟಕ್ಕೆ, ಹಳದಿ ಫ್ರಾಕಿನ ಕಡೆ ಹೋಯಿತು. ಒಂದೇ ದಿನ ಸಾಕಾಯಿತು ನೋಡಿ. 

ಆಕೆಯ ಪಾಲಿಗೆ ಉಳಿದದ್ದು ‘ಕೇಳಿಲ್ಲಿ’ ಮಾತ್ರ. ಅದನ್ನು ಯಾವ ಪಾತ್ರೆಯ ಮೇಲೂ ಯಾರೂ ಕೊರೆಸಿಲ್ಲ, ಯಾವ ಕೂಸಿಗೂ ಇಡುವುದಿಲ್ಲ. ನಾನು ಇರುವ ತನಕ ಅದು ನನ್ನ ಬಾಯಲ್ಲಿ ಇರುತ್ತದೆ.

ಸಂಜೆ ಸುಜಾತಾ ದೀಪ ಹಚ್ಚುತ್ತಿದ್ದಳು. ಮಸ್ಕಿಯಿಂದ ತಂದ ಡಬ್ಬಿ ತೊಳೆಯದೆ ಹಾಗೇ ಬಿದ್ದಿತ್ತು. ನಾನೇ ಬಚ್ಚಲಿಗೆ ಒಯ್ದು, ಜುಂಗು ಮುಟ್ಟದೆ, ಬರಿಗೈಯಿಂದ ತೊಳೆದು, ಮುಚ್ಚಳ ಹಾಕಿ ಟವೆಲ್ಲಿನಿಂದ ಒರೆಸಿದೆ. ಕಿಟಕಿಯಲ್ಲಿ ಇನ್ನೂ ಒಂದಿಷ್ಟು ಬೆಳಕಿತ್ತು. ಓರೆಯಾಗಿ ಹಿಡಿದರೆ ಕಾಣುತ್ತಿದ್ದ ‘ಅ’ ಈಗ ತೆಂಗಿನಕಾಯಿಯ ಬಡಿತಕ್ಕೆ ಇನ್ನಷ್ಟು ಮಸುಕಾಗಿತ್ತು. ಹೆಬ್ಬೆರಳಿನಿಂದ ಹುಡುಕಿದೆ. ಸಿಕ್ಕಿತೋ, ಸಿಕ್ಕಿತೆಂದುಕೊಂಡೆನೋ. ಮನೆಯಲ್ಲಿ ಹತ್ತಿರ ಯಾರೂ ಇರಲಿಲ್ಲ. ಮಸ್ಕಿಯ ಬಯಲಿನಲ್ಲಿ ಊರಿಗೆಲ್ಲ ಕೇಳುವಂತೆ ಕೂಗಿದ್ದು ಮಗುವಿಗಾಗಿ. ಆಕೆಗೆಂದೇ, ಆಕೆಗೆ ಮಾತ್ರ, ನಾನು ಇನ್ನೂ ಕರೆದಿರಲಿಲ್ಲ. ಮುಚ್ಚಳವನ್ನು ತುಟಿಯ ಹತ್ತಿರ ತಂದು ಮೆಲ್ಲಗೆ, ಗಂಡ ಹೆಂಡತಿಯನ್ನು ಕರೆಯುವಷ್ಟೇ ದನಿಯಲ್ಲಿ, ‘ಅಮರಮ್ಮಾ’ ಎಂದೆ.

“ಆಂ” ಎಂದಿತು ಅಂಗಳದಿಂದ ಒಂದು ಧ್ವನಿ.

ಬಾವುಟ ಎಳೆದುಕೊಂಡು ಮಗು ಓಡಿಬಂತು. ಬಂದು ನನ್ನ ಮೊಳಕಾಲು ಹಿಡಿದು ನಿಂತು, ಕರೆದದ್ದಕ್ಕೆ ಬಂದೆನಲ್ಲ ಎಂಬ ಸಂಭ್ರಮದಿಂದ ಮುಖ ಮೇಲೆತ್ತಿತು. ದಿನವಿಡೀ ಕಲಿತ ಪಾಠ ಅದು, ತಪ್ಪಿಲ್ಲದೆ ಒಪ್ಪಿಸಿತ್ತು. ನಾನು ಕರೆದದ್ದು ನಿನ್ನನ್ನಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಹೇಳಬಾರದು ಕೂಡ. ಹಾಗೆ ಹೇಳಿದರೆ ಮುಂದೆ ಇನ್ನಾವುದೋ ಗದ್ದಲದಲ್ಲಿ ಯಾರೋ ಕರೆದಾಗ ಅದು ಅನುಮಾನಿಸಿ ನಿಂತೀತು. ಬಂದಿಯೇನವಾ ಎಂದು ತಲೆ ಸವರಿದೆ. ಅದು ಕೈ ಚಾಚಿ ಡಬ್ಬಿ ಕೇಳಿತು. ಟವೆಲ್ಲನ್ನು ಅಂಚಿಗೆ ಒತ್ತಿ, ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ರಮಿಸಿ ಮುಚ್ಚಳ ತೆಗೆದೆ. ಒಳಗೆ ಏನೂ ಇಲ್ಲದ್ದನ್ನು ಮಗು ಇಣುಕಿ ನೋಡಿ, ಅದರ ಚಿಂತೆ ಮಾಡದೆ, ಮುಚ್ಚಳವನ್ನಷ್ಟೇ ನನ್ನ ಕೈಯಿಂದ ಬಿಡಿಸಿಕೊಂಡು ಅಂಗಳಕ್ಕೆ ಓಡಿತು. ಟಣ್, ಟಣ್ ಎಂದು ತುಳಸಿಕಟ್ಟೆಗೆ ಬಡಿಯತೊಡಗಿತು. ಬೆಳಕು ಹೋಗುವ ತನಕ ನಾನು ಹೆಸರಿಲ್ಲದ ಡಬ್ಬಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.